ಬಿಸಿಗೊಂದು ಹೊರದಾರಿ

ಭಾರದ ಕೆಲಸ ಹಚ್ಚಿದ ಕೂಡಲೇ ಲ್ಯಾಪ್‌ಟಾಪ್ ಕಾದು ಕುಂಟುವುದೇಕೆ? ಬಹಳ ಸಲ ಯಂತ್ರ ಸತ್ತಿರುವುದಿಲ್ಲ, ಉಸಿರು ಕಟ್ಟಿರುತ್ತದೆ ಅಷ್ಟೇ.

ರಾಯಚೂರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ. ಹೊರಗೆ 42 ಡಿಗ್ರಿ ಬಿಸಿಲು. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ಅಕ್ಕನ ಮಗ ಪ್ರಾಜೆಕ್ಟಿನ ವಿಡಿಯೊ ಒಂದನ್ನು ರೆಂಡರ್ ಮಾಡಲು ಹಚ್ಚಿ, ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಪಕ್ಕದಲ್ಲೇ ಕೂತಿದ್ದ. ಇಪ್ಪತ್ತೈದು ನಿಮಿಷದಲ್ಲಿ ಮುಗಿಯಬೇಕಾದ ಕೆಲಸ ಒಂದೂವರೆ ಗಂಟೆಯಾದರೂ ಅರ್ಧಕ್ಕೆ ಬಂದಿರಲಿಲ್ಲ. ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಕೀಬೋರ್ಡಿನ ಮೇಲ್ಭಾಗ ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಸುಡುತ್ತಿತ್ತು.

‘ಮಾಮಾ, ಇದರ ಕಥಿ ಮುಗೀತು ಅನಸ್ತದ. ಹೊಸಾದು ತಗೋಬೇಕಾಗ್ತದ’ ಎಂದ. ಅವನ ದನಿಯಲ್ಲಿ ಅಳುಕಿತ್ತು. ಅದು ಅವನ ಅಪ್ಪ ಮೂರು ವರ್ಷದ ಹಿಂದೆ ಕಂತಿನ ಮೇಲೆ ಕೊಡಿಸಿದ ಲ್ಯಾಪ್‌ಟಾಪ್.

ಬಾಗಿಲ ಬಳಿ ಕೂತು ಕಾಳು ಹಸನು ಮಾಡುತ್ತಿದ್ದ ಅವ್ವ ತಲೆಯೆತ್ತಿ ನೋಡಿದಳು. ‘ಹಾಸಿಗಿ ಮ್ಯಾಲ ಇಟ್ಟೀಯಲ್ಲೋ. ಒಲಿ ಬಾಯಿ ಮುಚ್ಚಿದ್ರ ಹೊಗಿ ಎಲ್ಲಿಗೆ ಹೋಗಬೇಕು?’

ಅವ್ವನಿಗೆ ಪ್ರೊಸೆಸರ್ ಗೊತ್ತಿಲ್ಲ. ಆದರೆ ಬೆಳಕಿಂಡಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಒಲೆ ಉರಿಸಿದವಳಿಗೆ ಬೆಂಕಿಯ ಸ್ವಭಾವ ಗೊತ್ತು. ಅವಳು ಹೇಳಿದ್ದು ಲ್ಯಾಪ್‌ಟಾಪ್‌ಗೂ ಅಕ್ಷರಶಃ ಸಲ್ಲುತ್ತದೆ. ಶಾಖವನ್ನು ಇಲ್ಲವಾಗಿಸಲು ಯಾರಿಂದಲೂ ಆಗದು, ಅದನ್ನು ಸಾಗಹಾಕಬಹುದು ಅಷ್ಟೇ. ಹೋಗುವ ದಾರಿ ಕಟ್ಟಿದರೆ ಅದು ಹುಟ್ಟಿದಲ್ಲೇ ಕೂಡಿಕೊಳ್ಳುತ್ತದೆ.

ಉಗುರಿನಗಲದ ಒಲೆ

ಲ್ಯಾಪ್‌ಟಾಪ್ ಚಾರ್ಜರಿನಿಂದ ಎಷ್ಟು ವಿದ್ಯುತ್ ಎಳೆದುಕೊಳ್ಳುತ್ತದೋ, ಬ್ಯಾಟರಿಗೆ ಸೇರಿದ್ದನ್ನು ಬಿಟ್ಟರೆ, ಹೆಚ್ಚೂಕಡಿಮೆ ಅಷ್ಟೂ ಕೊನೆಗೆ ಶಾಖವಾಗುತ್ತದೆ. ಲೆಕ್ಕ ಮಾಡಿದರೂ, ಚಿತ್ರ ಬಿಡಿಸಿದರೂ, ಆಟ ಆಡಿಸಿದರೂ ಕೊನೆಯಲ್ಲಿ ಉಳಿಯುವುದು ಬಿಸಿಯೇ. ವಿಡಿಯೊ ರೆಂಡರ್ ಮಾಡುವಾಗ, ದೊಡ್ಡ ಗೇಮ್ ಆಡುವಾಗ ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ನೂರು ವ್ಯಾಟ್ ದಾಟುವುದು ಸಾಮಾನ್ಯ. ಹಿಂದೆ ನಡುಮನೆಯಲ್ಲಿ ತೂಗುತ್ತಿದ್ದ ನೂರು ಕ್ಯಾಂಡಲ್ ಬಲ್ಬನ್ನು ನೆನಪಿಸಿಕೊಳ್ಳಿ, ಉರಿಯುವಾಗ ಅದನ್ನು ಮುಟ್ಟಲು ಆಗುತ್ತಿರಲಿಲ್ಲ. ಅಷ್ಟೇ ಬಿಸಿಯನ್ನು ಈಗ ಎರಡು ಬೆರಳು ದಪ್ಪದ ಪೆಟ್ಟಿಗೆಯೊಳಗೆ ತುಂಬಿದ್ದೇವೆ.

ಅದಕ್ಕಿಂತ ದೊಡ್ಡ ತೊಡಕು, ಆ ಬಿಸಿ ಹುಟ್ಟುವ ಜಾಗ ಎಷ್ಟು ಚಿಕ್ಕದು ಎಂಬುದು. ಹದಿನೆಂಟು ಸೆಂಟಿಮೀಟರ್ ಅಗಲದ ದುಂಡು ತಟ್ಟೆಯ 1,500 ವ್ಯಾಟ್ ಕರೆಂಟ್ ಒಲೆಯನ್ನು ತೆಗೆದುಕೊಂಡರೆ, ಒಂದು ಚದರ ಸೆಂಟಿಮೀಟರಿಗೆ ಬರುವುದು ಸುಮಾರು 6 ವ್ಯಾಟ್. 45 ವ್ಯಾಟಿನ ಪ್ರೊಸೆಸರ್ ಚಿಪ್ಪಿನ ವಿಸ್ತೀರ್ಣ ಎರಡು ಚದರ ಸೆಂಟಿಮೀಟರ್ ಎಂದುಕೊಂಡರೂ ಅಲ್ಲಿ 22 ವ್ಯಾಟ್ ಬೀಳುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಒಲೆಗಿಂತ ಮೂರು ಪಟ್ಟಿಗೂ ಹೆಚ್ಚು ದಟ್ಟವಾದ ಬೆಂಕಿ! ಅದನ್ನು ಕ್ಷಣ ಬಿಡದೆ ಅಲ್ಲಿಂದ ಎತ್ತಿ ಸಾಗಿಸುತ್ತಿರಬೇಕು.

ಆ ಸಾಗಣೆ ನಿಧಾನವಾದಾಗ ಪ್ರೊಸೆಸರ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 95ರಿಂದ 105 ಡಿಗ್ರಿಯ ಆಸುಪಾಸು. ಆ ಗಡಿ ಮುಟ್ಟಿದೊಡನೆ ಚಿಪ್ ತನ್ನ ವೇಗ ಇಳಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ವೇಗ ಇಳಿಸಿದರೂ ಬಿಸಿ ಏರುತ್ತಲೇ ಹೋದರೆ ಯಂತ್ರ ತಾನಾಗಿ ಆಫ್ ಆಗುತ್ತದೆ. ಅಂದು ಹುಡುಗನ ಲ್ಯಾಪ್‌ಟಾಪಿನಲ್ಲಿ ‘ಎಚ್‌ಡಬ್ಲ್ಯು ಇನ್ಫೊ’ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದೆವು. ಉಷ್ಣತೆ 98 ಡಿಗ್ರಿಗೆ ಅಂಟಿಕೊಂಡಿತ್ತು. ನಾಲ್ಕು ಗಿಗಾಹರ್ಟ್ಸ್ ಮುಟ್ಟಬಲ್ಲ ಪ್ರೊಸೆಸರ್ 1.2ರಲ್ಲಿ ತೆವಳುತ್ತಿತ್ತು. ಅವನು ‘ಸ್ಲೋ ಆಗಿದೆ’ ಎಂದು ಬೈಯುತ್ತಿದ್ದ ಯಂತ್ರ ಸುಟ್ಟುಹೋಗದಿರಲು ಹೋರಾಡುತ್ತಿತ್ತು.

ಮಡಕೆ, ಬತ್ತಿ ಮತ್ತು ತಾಮ್ರದ ಕೊಳವೆ

ಚಿಪ್ಪಿನಿಂದ ಹೊರಗಿನ ಗಾಳಿಯವರೆಗೆ ಶಾಖ ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ. ಮೊದಲ ಕೈ ಥರ್ಮಲ್ ಪೇಸ್ಟ್. ಚಿಪ್ ಮತ್ತು ಅದರ ಮೇಲೆ ಕೂರುವ ಲೋಹದ ತಟ್ಟೆ ಎರಡೂ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮ ಸಂದುಗಳು ಇದ್ದೇ ಇರುತ್ತವೆ, ಆ ಸಂದುಗಳಲ್ಲಿ ಗಾಳಿ ನಿಲ್ಲುತ್ತದೆ. ಶಾಖವನ್ನು ದಾಟಿಸುವುದರಲ್ಲಿ ತಾಮ್ರದ ಅಳತೆ ಸುಮಾರು 400 ಆದರೆ ಗಾಳಿಯದು 0.026. ಕಂಬಳಿ ಬೆಚ್ಚಗಿಡುವುದೂ ಅದರ ಎಳೆಗಳ ನಡುವೆ ನಿಂತ ಗಾಳಿಯಿಂದಲೇ. ಆ ಸಂದು ತುಂಬಲು ತೆಳ್ಳಗೆ ಹಚ್ಚುವ ಬೂದು ಬಣ್ಣದ ಲೇಪವೇ ಪೇಸ್ಟ್. ವರ್ಷಗಟ್ಟಲೆ ಕಾದು ತಣಿದು ಅದು ಒಣಗುತ್ತದೆ, ಅಂಚಿಗೆ ಸರಿಯುತ್ತದೆ. ಆಗ ಗಾಳಿ ಮತ್ತೆ ಒಳಗೆ ಸೇರುತ್ತದೆ.

ಎರಡನೆಯ ಕೈ ಹೀಟ್ ಪೈಪ್. ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಚಪ್ಪಟೆಯಾದ ತಾಮ್ರದ ಕೊಳವೆಗಳು ಕಾಣುತ್ತವಲ್ಲ, ಅವು. ಗಟ್ಟಿ ತಾಮ್ರವೆಂದು ಹಲವರು ತಿಳಿದಿದ್ದಾರೆ. ಒಳಗೆ ಅವು ಪೊಳ್ಳು. ಗಾಳಿ ತೆಗೆದು, ಕೆಲವೇ ಹನಿ ನೀರು ಹಾಕಿ, ಎರಡೂ ತುದಿ ಬೆಸೆದಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಚಿಪ್ಪಿನ ಮೇಲಿರುವ ತುದಿಯಲ್ಲಿ ನೀರು ನೂರು ಡಿಗ್ರಿಗಿಂತ ಎಷ್ಟೋ ಮೊದಲೇ ಆವಿಯಾಗುತ್ತದೆ. ಆವಿ ಇನ್ನೊಂದು ತುದಿಗೆ ಓಡಿ, ಅಲ್ಲಿ ತಣಿದು ಹನಿಯಾಗಿ, ಹೊತ್ತು ತಂದ ಶಾಖವನ್ನು ಕೊಟ್ಟುಬಿಡುತ್ತದೆ. ಕೊಳವೆಯ ಒಳಗೋಡೆಗೆ ಹೆಣೆದ ನವಿರಾದ ಜಾಲರಿ ಆ ಹನಿಯನ್ನು ಹೀರಿ ಮತ್ತೆ ಬಿಸಿ ತುದಿಗೆ ಮುಟ್ಟಿಸುತ್ತದೆ, ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವ ಹಾಗೆ. ಮೋಟಾರಿಲ್ಲ, ಸದ್ದಿಲ್ಲ.

ಆವಿಯಾಗುವಾಗ ನೀರು ಅಪಾರ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಲು ಬೇಕಾದದ್ದು ಸುಮಾರು 420 ಜೂಲ್. ಅದೇ ಒಂದು ಗ್ರಾಂ ಆವಿಯಾಗಿ ಏಳಲು ಅದರ ಐದು ಪಟ್ಟಿಗೂ ಹೆಚ್ಚು ಬೇಕು. ಬೇಸಿಗೆಯಲ್ಲಿ ಮಡಕೆಯ ನೀರು ತಣ್ಣಗಿರುವುದೂ ಮೈಯ ಬೆವರು ಆರಿದಾಗ ಹಾಯೆನಿಸುವುದೂ ಇದೇ ಕಾರಣಕ್ಕೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇಂಥ ಕೊಳವೆಯನ್ನು ಮಾಡಿ ತೋರಿಸಿದಾಗ ಅವರ ಕಣ್ಣು ಬಾಹ್ಯಾಕಾಶದ ಮೇಲಿತ್ತು. ಬೆಂಗಳೂರಿನಲ್ಲಿ ಇಸ್ರೋ ರೂಪಿಸುವ ಸಂವಹನ ಉಪಗ್ರಹಗಳ ಹಲಗೆಗಳಲ್ಲೂ ಹೀಟ್ ಪೈಪ್‌ಗಳು ಅಡಗಿವೆ, ಅಲ್ಲಿ ನೀರಿನ ಬದಲು ಅಮೋನಿಯ. ಉಪಗ್ರಹಕ್ಕೆ ಹುಟ್ಟಿದ ತಂತ್ರ ನಮ್ಮ ಮೇಜಿನ ಮೇಲೆ ದುಡಿಯುತ್ತಿದೆ.

ಕೊನೆಯ ಕೈ ಲೋಹದ ತೆಳು ರೆಕ್ಕೆಗಳು ಮತ್ತು ಫ್ಯಾನು. ಕೊಳವೆಯ ತಂಪು ತುದಿಗೆ ಕೂದಲೆಳೆಯ ಅಂತರದಲ್ಲಿ ಜೋಡಿಸಿದ ರೆಕ್ಕೆಗಳ ನಡುವೆ ಫ್ಯಾನು ಗಾಳಿ ನುಗ್ಗಿಸಿ ಬಿಸಿಯನ್ನು ಹೊರಗೆ ತಳ್ಳುತ್ತದೆ. ದಾರಿ ಹೆಚ್ಚು ಸಲ ಕಟ್ಟುವುದು ಇಲ್ಲಿಯೇ.

2004ರಲ್ಲಿ ನಿಂತ ಓಟ

ಶಾಖದ ಚಿಂತೆ ಕಂಪ್ಯೂಟರಿನಷ್ಟೇ ಹಳೆಯದು. 1946ರಲ್ಲಿ ಅನಾವರಣಗೊಂಡ ಎನಿಯಾಕ್, ಸುಮಾರು 18 ಸಾವಿರ ನಿರ್ವಾತ ಕೊಳವೆಗಳನ್ನು ಉರಿಸಲು 150 ಕಿಲೋವ್ಯಾಟ್ ನುಂಗುತ್ತಿತ್ತು. ಅದನ್ನು ತಂಪಿಡಲು ದೊಡ್ಡ ಬ್ಲೋವರ್‌ಗಳೇ ಬೇಕಾಗಿದ್ದವು. ಚಿಪ್ಪಿನಲ್ಲಿ ಟ್ರಾನ್ಸಿಸ್ಟರ್‌ಗಳ ಸಂಖ್ಯೆ ದ್ವಿಗುಣವಾಗುತ್ತ ಹೋಗುತ್ತದೆಂದು 1965ರಲ್ಲಿ ಬರೆದ ಗಾರ್ಡನ್ ಮೂರ್, ಅದೇ ಲೇಖನದಲ್ಲಿ ಇಷ್ಟೊಂದು ಬಿಡಿಭಾಗಗಳ ಶಾಖವನ್ನು ಹೊರಹಾಕಲು ಆಗುವುದೇ ಎಂಬ ಪ್ರಶ್ನೆಯನ್ನೂ ಎತ್ತಿದ್ದರು. ಆಗುತ್ತದೆ ಎಂಬುದೇ ಅವರ ಉತ್ತರವಾಗಿತ್ತು.

ನಾಲ್ಕು ದಶಕ ಅದು ನಿಜವೂ ಆಯಿತು. ಟ್ರಾನ್ಸಿಸ್ಟರ್ ಕುಗ್ಗಿದಂತೆ ಅದಕ್ಕೆ ಬೇಕಾದ ವೋಲ್ಟೇಜನ್ನೂ ಇಳಿಸಬಹುದು, ಹೀಗೆ ಮಾಡಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ತುಂಬಿದರೂ ಬಿಸಿ ಏರದು ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಆದರೆ ಟ್ರಾನ್ಸಿಸ್ಟರ್‌ಗಳು ತೀರಾ ಸಣ್ಣವಾದಾಗ ಅವುಗಳಿಂದ ವಿದ್ಯುತ್ ಸೋರತೊಡಗಿತು, ವೋಲ್ಟೇಜ್ ಇನ್ನಷ್ಟು ಇಳಿಯಲಿಲ್ಲ. 2004ರಲ್ಲಿ ಇಂಟೆಲ್‌ನ ಪೆಂಟಿಯಮ್ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತು. ಅದರ ಮುಂದಿನ ತಲೆಮಾರಾಗಬೇಕಿದ್ದ ‘ತೇಹಾಸ್’ ಯೋಜನೆಯನ್ನು ಕಂಪನಿ ಅದೇ ವರ್ಷ ಕೈಬಿಟ್ಟಿತು. 2005ರಿಂದ ಒಂದೇ ಚಿಪ್ಪಿನಲ್ಲಿ ಲೆಕ್ಕ ಮಾಡುವ ಕೋರ್‌ಗಳು ಒಂದರ ಬದಲು ಎರಡು, ನಾಲ್ಕು, ಎಂಟು ಬಂದವು. ವೇಗದ ಓಟವನ್ನು ತಡೆದು ನಿಲ್ಲಿಸಿದ್ದು ಶಾಖ.

ಇದರಲ್ಲಿ ನಮಗೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ಲೆಕ್ಕವಿದೆ. ಚಿಪ್ ದುಡಿಯುವಾಗ ಹುಟ್ಟುವ ಶಾಖ ಅದರ ವೇಗದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ವೇಗ ಹೆಚ್ಚಿಸಬೇಕೆಂದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ಹಾಗಾಗಿ ಎರಡನ್ನೂ ಶೇ 10ರಷ್ಟು ಇಳಿಸಿದರೆ ಶಾಖ ಇಳಿಯುವುದು ಶೇ 10 ಅಲ್ಲ, ಸುಮಾರು ಶೇ 27. ವೇಗದಲ್ಲಿ ಹತ್ತು ಪೈಸೆ ಬಿಟ್ಟುಕೊಟ್ಟವರಿಗೆ ತಂಪಿನಲ್ಲಿ ಇಪ್ಪತ್ತೇಳು ಪೈಸೆ ಸಿಕ್ಕ ಹಾಗೆ.

35 ಡಿಗ್ರಿಯ ಕೋಣೆ

ಬಹುತೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯ ಕೊನೆಯ ಪುಟಗಳಲ್ಲಿ ಒಂದು ಸಾಲು ಇರುತ್ತದೆ: ಬಳಸುವ ಜಾಗದ ಉಷ್ಣತೆ ಗರಿಷ್ಠ 35 ಡಿಗ್ರಿ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಮನೆಗಳಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಆ ಗಡಿ ಒಳಕೋಣೆಯಲ್ಲೂ ದಾಟಿರುತ್ತದೆ. ಶಾಖ ಬಿಸಿಯಿಂದ ತಂಪಿನ ಕಡೆಗೆ ಮಾತ್ರ ಹರಿಯುತ್ತದೆ. ಎರಡರ ನಡುವಿನ ಅಂತರ ಕಡಿಮೆಯಾದಷ್ಟೂ ಹರಿವು ಕುಂದುತ್ತದೆ. 24 ಡಿಗ್ರಿಯ ಎಸಿ ಕೋಣೆಯಲ್ಲಿ 80 ಡಿಗ್ರಿಯಲ್ಲಿ ನೆಮ್ಮದಿಯಾಗಿ ದುಡಿಯುವ ಚಿಪ್, 40 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ ಹೆಚ್ಚುಕಡಿಮೆ 96 ಮುಟ್ಟುತ್ತದೆ. ಅಂದರೆ ಅದೇ ಯಂತ್ರ, ಅದೇ ತಂತ್ರಾಂಶ, ಆದರೆ ಬಿಸಿಲೂರಿನ ವಿದ್ಯಾರ್ಥಿಯ ಕೈಯಲ್ಲಿ ಅದು ನಿಧಾನ. ಇದು ಅವನ ತಪ್ಪಲ್ಲ, ಯಂತ್ರ ಕೆಟ್ಟಿದೆ ಎಂದೂ ಅಲ್ಲ.

ಶಾಖವನ್ನು ಬಿಡಲು ಒಂದು ತಂಪು ನೆಲೆ ಬೇಕೇ ಬೇಕು ಎಂಬುದು ರಾಯಚೂರಿನವರು ದಿನವೂ ಕಾಣುವ ಸಂಗತಿ. 1,720 ಮೆಗಾವ್ಯಾಟ್ ಸಾಮರ್ಥ್ಯದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಕೃಷ್ಣೆಯ ನೀರನ್ನು ನಂಬಿ ನಿಂತಿದೆ. ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ದೊಡ್ಡ ಪಾಲು ಕರೆಂಟಾಗದೆ ಉಳಿಯುತ್ತದೆ. ಅದನ್ನು ಹೊರಗೆ ಹಾಕದೆ ಟರ್ಬೈನು ತಿರುಗದು. ಸ್ಥಾವರಕ್ಕೆ ನದಿ ಹೇಗೋ ಲ್ಯಾಪ್‌ಟಾಪಿಗೆ ಕೋಣೆಯ ಗಾಳಿ ಹಾಗೆ.

ಕಾಸಿಲ್ಲದ ಮದ್ದು ಮೊದಲು

ಹಾಸಿಗೆ, ದಿಂಬು, ಸೋಫಾ, ತೊಡೆ ಇವುಗಳ ಮೇಲೆ ಭಾರದ ಕೆಲಸ ಬೇಡ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ತಳದಿಂದ ಗಾಳಿ ಎಳೆದುಕೊಳ್ಳುತ್ತವೆ. ಗಟ್ಟಿ, ಸಮತಟ್ಟು ಜಾಗದಲ್ಲಿಟ್ಟು ಹಿಂಭಾಗವನ್ನು ಒಂದೆರಡು ಅಂಗುಲ ಎತ್ತರಿಸಿದರೆ ಗಾಳಿಗೆ ದಾರಿ ಸಿಗುತ್ತದೆ. ಇದಕ್ಕೆ ಸ್ಟ್ಯಾಂಡೇ ಬೇಕೆಂದಿಲ್ಲ, ಎರಡು ಮರದ ತುಂಡು ಸಾಕು.

ನಂತರ, ಯಾರು ದುಡಿಸುತ್ತಿದ್ದಾರೆ ಎಂದು ನೋಡಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಬ್ರೌಸರಿನ ಮೂವತ್ತು ಟ್ಯಾಬ್, ಹಿನ್ನೆಲೆಯಲ್ಲಿ ಓಡುವ ಅಪ್‌ಡೇಟ್, ಮುಚ್ಚಲು ಮರೆತ ಗೇಮ್ ಲಾಂಚರ್ ಎಲ್ಲ ಅಲ್ಲಿ ಸಿಕ್ಕಿಬೀಳುತ್ತವೆ. ಗೇಮ್ ಆಡುವವರು ಸೆಕೆಂಡಿಗೆ ಫ್ರೇಮ್‌ಗಳ ಸಂಖ್ಯೆಯನ್ನು 60ಕ್ಕೆ ಕಟ್ಟಿಹಾಕಲಿ. 60 ಹರ್ಟ್ಸ್ ಪರದೆಯಲ್ಲಿ ಕಾಣಿಸಲಾಗದ 120 ಫ್ರೇಮ್‌ಗಳನ್ನು ಬಿಡಿಸುವುದು ಬರೀ ಬಿಸಿ ಉತ್ಪಾದನೆ.

ಮೂರನೆಯದು ಆ ಶೇ 27ರ ಲೆಕ್ಕ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬುದನ್ನು 100ರಿಂದ 99ಕ್ಕೆ ಇಳಿಸಿದರೆ ಬಹಳಷ್ಟು ಯಂತ್ರಗಳಲ್ಲಿ ಟರ್ಬೊ ವೇಗ, ಅಂದರೆ ಮೂಲ ವೇಗ ಮೀರಿದ ಓಟ, ನಿಲ್ಲುತ್ತದೆ. ಒಂದೇ ಅಂಕಿ, ಆದರೆ ಉಷ್ಣತೆ ಎದ್ದು ಕಾಣುವಷ್ಟು ಇಳಿಯುತ್ತದೆ. ಕೆಲವು ಹೊಸ ಯಂತ್ರಗಳಲ್ಲಿ ಈ ಆಯ್ಕೆ ಕಾಣಿಸದು. ಅಲ್ಲಿ ತಯಾರಕರೇ ಕೊಟ್ಟ ‘ಬ್ಯಾಲೆನ್ಸ್ಡ್’ ಅಥವಾ ‘ಸೈಲೆಂಟ್’ ಮೋಡ್ ಬಳಸಬಹುದು. ವೋಲ್ಟೇಜನ್ನಷ್ಟೇ ಇಳಿಸುವ ಅಂಡರ್‌ವೋಲ್ಟಿಂಗ್ ಇನ್ನೂ ಒಳ್ಳೆಯ ಉಪಾಯ. ಆದರೆ 2019ರ ಕೊನೆಗೆ ಬಯಲಾದ ‘ಪ್ಲಂಡರ್‌ವೋಲ್ಟ್’ ಭದ್ರತಾ ಲೋಪದ ನಂತರ ಇಂಟೆಲ್ ಚಿಪ್ಪಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಬಾಗಿಲು ಮುಚ್ಚಿದೆ.

ನಾಲ್ಕನೆಯದು ಹೊತ್ತು. ಬಿಸಿಲೂರಿನ ರೈತ ಹೊತ್ತೇರುವ ಮುಂಚೆ ಹೊಲದ ಕೆಲಸ ಮುಗಿಸುತ್ತಾನೆ. ಯಂತ್ರದ ಭಾರದ ಕೆಲಸವನ್ನೂ ನಸುಕಿಗೆ ಹಚ್ಚಿ. ಒಣಹವೆಯ ಊರುಗಳಲ್ಲಿ ನೀರಿನ ಕೂಲರ್ ಕೋಣೆಯನ್ನು ಚೆನ್ನಾಗಿ ತಣಿಸುತ್ತದೆ. ಅದರ ತೇವದ ಗಾಳಿ ನೇರವಾಗಿ ಯಂತ್ರಕ್ಕೆ ಬಡಿಯದಂತೆ ದೂರ ಕೂತರೆ ಸಾಕು. ಐಸ್ ಪ್ಯಾಕು, ಒದ್ದೆ ಬಟ್ಟೆ, ಫ್ರಿಜ್ಜು ಇವುಗಳ ತಂಟೆ ಮಾತ್ರ ಬೇಡ. ತಣ್ಣಗಾದ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟಿ ಬೋರ್ಡಿಗೆ ಇಳಿಯುತ್ತದೆ.

ಚಿಮಟದಲ್ಲಿ ಎದ್ದು ಬಂದ ಕಂಬಳಿ

ನಾವು ಇಷ್ಟೆಲ್ಲ ಮಾಡಿದಾಗ 98 ಇದ್ದದ್ದು 93ಕ್ಕೆ ಬಂತು. ಉಳಿದದ್ದು ಒಳಗಿತ್ತು. ಮರುದಿನ ಸಂಜೆ ಊರಿನ ಸಣ್ಣ ರಿಪೇರಿ ಅಂಗಡಿಗೆ ಒಯ್ದೆವು. ಅಂಗಡಿಯವರು ತಳದ ಹತ್ತು ಸ್ಕ್ರೂ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತಿಟ್ಟರು. ಫ್ಯಾನಿನ ದಳಗಳ ಮೇಲೆ ಬೂದು ಧೂಳು ಕೂತಿತ್ತು. ‘ಇದು ಏನೂ ಅಲ್ಲ, ಇದರ ಹಿಂದ ನೋಡ್ರಿ’ ಎಂದು ಫ್ಯಾನು ಎತ್ತಿದರು. ರೆಕ್ಕೆಗಳ ಬಾಯಿಗೆ ಅಡ್ಡಲಾಗಿ, ಹಾಸಿಗೆಯ ಹತ್ತಿ, ಕೂದಲು, ಧೂಳು ಎಲ್ಲ ಒತ್ತಿ ನೇಯ್ದಂತೆ ಒಂದು ಪದರ. ಚಿಮಟದ ತುದಿಯಲ್ಲಿ ಹಿಡಿದು ಎಳೆದಾಗ ಅದು ಚೂರಾಗದೆ ಇಡಿಯಾಗಿ ಬಂತು, ಬೆರಳುದ್ದದ ಕಂಬಳಿ ತುಂಡಿನಂತೆ. ಫ್ಯಾನು ಮೂರು ವರ್ಷ ಆ ಕಂಬಳಿಗೆ ಗಾಳಿ ಹಾಕುತ್ತಿತ್ತು.

ಹೀಟ್ ಪೈಪ್ ಎತ್ತಿದಾಗ ಚಿಪ್ಪಿನ ಮೇಲಿನ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಚಕ್ಕೆಯಾಗಿ ಉದುರಿತು. ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅವರೆಕಾಳಿಗಿಂತ ಚಿಕ್ಕದಾದ ಹೊಸ ಪೇಸ್ಟಿನ ಬೊಟ್ಟಿಟ್ಟು, ಸ್ಕ್ರೂಗಳನ್ನು ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದರು. ಒತ್ತಡ ಎಲ್ಲ ಕಡೆ ಸಮನಾಗಿ ಬೀಳಬೇಕಲ್ಲ. ಗಾಳಿ ಊದುವಾಗ ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದಿದ್ದರು. ಜೋರಾಗಿ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಮನೆಯಲ್ಲೇ ಮಾಡುವವರಿಗೂ ಈ ಮೂರು ಮಾತು ಮುಖ್ಯ: ಬ್ಯಾಟರಿ ಕೀಳಿ, ಫ್ಯಾನು ಹಿಡಿಯಿರಿ, ಬಿಗಿಯುವಾಗ ಅವಸರ ಬೇಡ. ‘ಲಿಕ್ವಿಡ್ ಮೆಟಲ್’ ಎಂಬ ಗ್ಯಾಲಿಯಂ ಮಿಶ್ರಣದ ಆಸೆಗೆ ಬೀಳಬೇಡಿ. ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಬೋರ್ಡಿನ ಮೇಲೆ ಒಂದು ಹನಿ ಹರಿದರೂ ಶಾರ್ಟ್ ಆಗುತ್ತದೆ. ವಾರಂಟಿ ಬಾಕಿ ಇದ್ದರೆ ಬಿಚ್ಚುವ ಮುನ್ನ ಷರತ್ತು ಓದಿಕೊಳ್ಳಿ.

ಖರ್ಚಾದದ್ದು ಏಳುನೂರು ರೂಪಾಯಿ. ಹೊಸದಕ್ಕೆಂದು ಹುಡುಗ ಮನಸ್ಸಿನಲ್ಲೇ ಕೂಡಿಸುತ್ತಿದ್ದದ್ದು ಎಪ್ಪತ್ತು ಸಾವಿರ.

ಈ ಅಂತರ ನನ್ನನ್ನು ಕಾಡುತ್ತದೆ. ಧೂಳು ತುಂಬಿದ್ದಕ್ಕೆ ಎಷ್ಟು ಮನೆಗಳಲ್ಲಿ ಎರಡನೆಯ ಸಾಲ ಆಗಿದೆಯೋ! ಫ್ಯಾನಿನ ಬಾಯನ್ನು ಬಳಕೆದಾರನೇ ತೆರೆದು ಒರೆಸುವಂತೆ ಒಂದು ಸಣ್ಣ ಮುಚ್ಚಳ ಇಡಲು ತಯಾರಕರಿಗೆ ಯಾವ ಅಡ್ಡಿಯೂ ಇಲ್ಲ. ನಮ್ಮ ದೇಶದಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಚೌಕಟ್ಟು ರೂಪಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ನೇಮಿಸಿತು. ಆ ಹಕ್ಕಿನ ಮಾತು ಬಂದಾಗ, ಹತ್ತು ಸ್ಕ್ರೂ ಬಿಚ್ಚಿ ಧೂಳು ತೆಗೆಯುವ ಇಷ್ಟು ಸಣ್ಣ ಕೆಲಸವೂ ಅದರೊಳಗೆ ಸೇರಬೇಕು.

ಬಿಸಿ ತಾಗುವ ಇನ್ನೆರಡು ಕಡೆ

ಪ್ರೊಸೆಸರ್ ನೂರು ಡಿಗ್ರಿ ತಾಳುತ್ತದೆ, ಬ್ಯಾಟರಿ ತಾಳದು. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಬಿಸಿಯಲ್ಲಿಟ್ಟರೆ ಬೇಗ ಮುಪ್ಪಾಗುತ್ತದೆ. ಸದಾ ಚಾರ್ಜರಿಗೆ ಹಚ್ಚಿ ದುಡಿಸುವವರು ಸೆಟ್ಟಿಂಗಿನಲ್ಲಿ ಇದ್ದರೆ ಚಾರ್ಜಿನ ಮಿತಿಯನ್ನು ಶೇ 80ಕ್ಕೆ ಇಡಲಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿದ್ದರೆ, ಅದು ಬ್ಯಾಟರಿ ಊದಿಕೊಂಡ ಗುರುತು. ಆಗ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ ತಿಳಿದವರ ಕೈಗೆ ಒಪ್ಪಿಸಿ.

ಇನ್ನೊಂದು ನಮ್ಮ ಮೈ. ಕಾಶ್ಮೀರದಲ್ಲಿ ಚಳಿಗೆ ಅಂಗಿಯೊಳಗೆ ಇಟ್ಟುಕೊಳ್ಳುವ ಕಾಂಗ್ಡಿ ಎಂಬ ಕೆಂಡದ ಬುಟ್ಟಿಯಿಂದ ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಮೂಡುವುದನ್ನು ವೈದ್ಯರು ಹಿಂದಿನಿಂದಲೂ ಬಲ್ಲರು. 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಹನ್ನೆರಡು ವರ್ಷದ ಹುಡುಗನೊಬ್ಬನ ತೊಡೆಯ ಮೇಲೆ ಅದೇ ಗುರುತನ್ನು ವರದಿ ಮಾಡಿದರು. ಅವನು ತೊಡೆಯ ಮೇಲೆ ಲ್ಯಾಪ್‌ಟಾಪಿಟ್ಟು ತಿಂಗಳುಗಟ್ಟಲೆ ಗೇಮ್ ಆಡಿದ್ದ. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ಅಂಗಡಿಯಿಂದ ಬಂದ ಮರುದಿನ ನಸುಕಿನ ನಾಲ್ಕೂವರೆಗೆ ಹುಡುಗ ಎದ್ದ. ಕಿಟಕಿ ತೆರೆದು, ಅವ್ವನ ಊಟದ ಮಣೆಯನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು, ಅದರ ಮೇಲೆ ಲ್ಯಾಪ್‌ಟಾಪಿಟ್ಟು, ಹಿಂಭಾಗಕ್ಕೆ ಎರಡು ಮರದ ತುಂಡು ಕೊಟ್ಟು ರೆಂಡರ್ ಹಚ್ಚಿದ. ಉಷ್ಣತೆ 81ಕ್ಕೆ ಏರಿ ಅಲ್ಲೇ ನಿಂತಿತು. ಇಪ್ಪತ್ತನಾಲ್ಕು ನಿಮಿಷದಲ್ಲಿ ವಿಡಿಯೊ ತಯಾರು. ಫ್ಯಾನಿನ ಸದ್ದಿಗಿಂತ ಹೊರಗಿನ ಗುಬ್ಬಿಗಳ ಸದ್ದೇ ಹೆಚ್ಚಿತ್ತು.

ಯುಗಾದಿಗೆ ಮನೆಯ ಜಂತಿಯ ಜೇಡರಬಲೆಯೆಲ್ಲ ತೆಗೆದಿದ್ದೆವು, ಲ್ಯಾಪ್‌ಟಾಪಿನ ನೆನಪು ಯಾರಿಗೂ ಆಗಿರಲಿಲ್ಲ. ಈಗ ಅದರ ತಳದಲ್ಲಿ ಹುಡುಗ ಚಿಕ್ಕದೊಂದು ಚೀಟಿ ಅಂಟಿಸಿದ್ದಾನೆ. ಬೇಸಿಗೆಯ ಝಳ ಏರುವ ಮುನ್ನ ಬರುವ ಹಬ್ಬವನ್ನೇ ಅವನು ಗಡುವಾಗಿ ಆರಿಸಿಕೊಂಡಿದ್ದಾನೆ. ಚೀಟಿಯಲ್ಲಿ ಬರೆದಿರುವುದು ಇಷ್ಟೇ: ‘ಮುಂದಿನ ಧೂಳು – ಯುಗಾದಿಗೆ’.